ಗುಣವತಿಯ ಮೇಜಿಗೆ ಬಂದ ಮೀನು

ಮೀನಿನ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವ ನನ್ನನ್ನು ಲಂಡನ್ನಿನ ಮೀನಿನ ಭಾರೀ ಹೋಟೆಲ್ಲಿನಲ್ಲಿ ಒಂದೂವರೆ ತಾಸು ಕೂರಿಸಿದ ಪುಣ್ಯಾತ್ಗಿತ್ತಿ ಗುಣವತಿ. ಎರಡು ಸಾವಿರದ ಹದಿನಾರನೆಯ ಇಸವಿ, ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತು. ಕ್ಯಾನರಿ ವಾರ್ಫಿನಲ್ಲಿ ನೀರಿನ ಅಂಚಿಗಿದ್ದ ಪೋರ್ಚುಗೀಸ್ ಹೋಟೆಲ್ಲು ಅದು. ಹೆಸರು ಹೇಳುವುದಿಲ್ಲ. ಹೇಳಿದರೆ ಸಿಟ್ಟು ಮತ್ತೆ ನೆತ್ತಿಗೇರುತ್ತದೆ. ಜಿಪಿ ಸರ್ಜರಿಯ, ಅಂದರೆ ಇಲ್ಲಿನ ಡಾಕ್ಟರ ದವಾಖಾನೆಯ, ರಿಸೆಪ್ಶನ್ನಿನಲ್ಲಿ ಕೂತು ಊರವರ ಬಿಪಿ ವಿಚಾರಿಸುವ ನನಗೆ ನನ್ನ ಬಿಪಿಯ ಚಿಂತೆಯೂ ಇದೆ.

ನಾನು ವಿಶಾಲಾಕ್ಷಿ, ಧಾರವಾಡದವಳು. ಗುಣವತಿ ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು. ಲಂಡನ್ನಿನ ಕ್ರೋಯ್ಡನ್ನಿನ ಒಂದೇ ಕಟ್ಟಡದಲ್ಲಿ ನನ್ನದು ಮೂರನೆಯ ಮಹಡಿ, ಅವಳದು ಎರಡನೆಯದು. ಹದಿನೆಂಟು ವರ್ಷದಿಂದ ಅವಳ ಒಗ್ಗರಣೆ ನನ್ನ ಕಿಟಕಿಗೆ ಬರುತ್ತದೆ, ನನ್ನ ಬೈಗುಳ ಅವಳ ಕಿಟಕಿಗೆ ಹೋಗುತ್ತದೆ. ಆದರೂ ಮೀನು ಮುಟ್ಟಿದ ಮೇಲೆ ಸ್ನಾನ ಮಾಡದೆ ಅವಳು ನನ್ನ ಮನೆಯ ಹೊಸಿಲು ದಾಟಿದ್ದಿಲ್ಲ. ನಾನು ಹೇಳಿದ್ದಲ್ಲ, ಅವಳೇ ಹಾಕಿಕೊಂಡ ಕಟ್ಟಳೆ. ಅದೆಲ್ಲ ಬೇಡ ಎಂದು ನಾನೂ ಒಮ್ಮೆಯಾದರೂ ಹೇಳಲಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಹನ್ನೆರಡನೆಯ ವಯಸ್ಸಿಗೇ ತಾಯಿಯ ಜೊತೆ ಮೀನಿನ ಬುಟ್ಟಿ ಹೊತ್ತವಳು. ಮಾರ್ಕೆಟ್ಟಿನಲ್ಲಿ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಸಾಲಾಗಿ ಕೂರುತ್ತಿದ್ದರಂತೆ. ಆ ಸಾಲಿಗೊಂದು ಕಟ್ಟಳೆ ಇತ್ತು. ಪಕ್ಕದವಳ ಬುಟ್ಟಿಯಲ್ಲಿ ಕೆಟ್ಟ ಮೀನು ಕಂಡರೆ ಗಿರಾಕಿಯ ಎದುರು ಬಾಯಿ ಬಿಡಬಾರದು. ಸುಮ್ಮನೆ ಕೈ ಚಾಚಿ ಆ ಮೀನಿನ ತಲೆಯನ್ನು ಮಾರುವವಳ ಕಡೆಗೆ ತಿರುಗಿಸಿ ಇಡಬೇಕು. ತಲೆ ಗಿರಾಕಿಯ ಕಡೆಗಿದ್ದರೆ ಮಾರುವ ಮೀನು, ಮಾರುವವಳ ಕಡೆಗಿದ್ದರೆ ಮಾರಬಾರದ ಮೀನು. ಅವಳು ಅದನ್ನು ಕಂಡು, ಮಾತಿಲ್ಲದೆ ಗೋಣಿಯ ಕೆಳಗೆ ತಳ್ಳುತ್ತಾಳೆ. ತಳ್ಳದೆ ಮಾರಿದವಳ ಪಕ್ಕದಲ್ಲಿ ಮರುದಿನ ಯಾರೂ ಕೂರುವುದಿಲ್ಲ. ಇದನ್ನು ಗುಣವತಿ ನನಗೆ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ಕೈ ತಿರುಗಿಸಿ ತೋರಿಸುತ್ತ.

ಮದುವೆಯಾದ ಮೇಲೆ ಗಂಡ ಶೀನಪ್ಪನ ಹಿಂದೆ ಲಂಡನ್ನಿಗೆ ಬಂದಳು. ಅವನು ದೋಸೆ ಹೋಟೆಲ್ಲಿನ ಅಡುಗೆಯವನು. ಇವಳಿಗೆ ಕ್ರೋಯ್ಡನ್ನಿನ ಸೂಪರ್ ಮಾರ್ಕೆಟ್ಟಿನಲ್ಲಿ ಮೀನಿನ ಕೌಂಟರೇ ಸಿಕ್ಕಿತು. ಬುಟ್ಟಿ ಹೋಗಿ ಗಾಜಿನ ಪೆಟ್ಟಿಗೆ ಬಂತು, ಸೀರೆಯ ಮೇಲಿನ ಚಿಂದಿ ಹೋಗಿ ಬಿಳಿ ಕೋಟು ಬಂತು, ಕೈಯ ವಾಸನೆ ಮಾತ್ರ ಅದೇ. ಒಬ್ಬನೇ ಮಗ ರೋಷನ್ ಹನ್ನೊಂದು ವರ್ಷದವನಿದ್ದಾಗ ಶಾಲೆಯ ಗೇಟಿನಲ್ಲಿ ಅವಳ ಕೈ ಬಿಡಿಸಿಕೊಂಡು, ವಾಸನೆ ಬರುತ್ತದೆ, ನಾಳೆಯಿಂದ ಗೇಟಿನ ತನಕ ಬರಬೇಡ ಎಂದ. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಅಂದಿನಿಂದ ದಿನಾ ಸಂಜೆ ಸಿಂಕಿನ ಮುಂದೆ ನಿಂತು ಅರ್ಧ ಲಿಂಬೆಹಣ್ಣಿನಿಂದ ಬೆರಳು ಬೆರಳನ್ನೂ ಉಜ್ಜತೊಡಗಿದಳು. ಅದಕ್ಕೂ ಎರಡು ವರ್ಷ ಮೊದಲು ಒಂದು ಬೇಸಿಗೆ ರಜೆಯಲ್ಲಿ ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದಳು. ಒಂದು ತಿಂಗಳು ಹುಡುಗ ಅಜ್ಜಿಯ ಬುಟ್ಟಿಯ ಪಕ್ಕದಲ್ಲೇ ಕೂತಿದ್ದ.

"ಅವ್ನಿಗೆ ನೆನ್ಪಿಪ್ದ್ ಐಸ್‌ಕ್ಯಾಂಡಿ ಒಂದೇ ವಿಶಾಲಕ್ಕ," ಎನ್ನುತ್ತಿದ್ದಳು ಗುಣವತಿ. "ನಮ್ದ್ ಎಂತದೂ ಅವ್ನಿಗೆ ಹಿಡ್ಸಿಲ್ಲೆ."

ಆ ಹುಡುಗ ದೊಡ್ಡವನಾಗಿ ಅಕೌಂಟ್ಸ್ ಓದಲು ಹೋಗಿ, ಎರಡನೆಯ ವರ್ಷಕ್ಕೆ ಬಿಟ್ಟು ಬಂದ. ಶೀನಪ್ಪ ಮಗನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿದ್ದುಕೊಂಡು ಒಂದು ವರ್ಷ, ಉಪ್ಪು ಬೇಕಿದ್ದರೂ ಗುಣವತಿಯ ಮೂಲಕ ಕೇಳುವುದು. ರೋಷನ್ ನಾಲ್ಕು ಕೆಫೆ ಬದಲಿಸಿದ, ಯಾವುದೂ ನಿಲ್ಲಲಿಲ್ಲ. ಕೊನೆಗೆ ಈ ಪೋರ್ಚುಗೀಸ್ ಹೋಟೆಲ್ಲಿನಲ್ಲಿ ಮೂರು ತಿಂಗಳ ಪರೀಕ್ಷೆಯ ಮೇಲೆ ಸೇರಿದ. ಇದು ಅವನಿಗೆ ಹಿಡಿಸಿತು. ಮನೆಗೆ ಬಂದು ಮೀನಿನ ಹೆಸರು, ವೈನಿನ ಹೆಸರು ಬಾಯಿಪಾಠ ಮಾಡುತ್ತಿದ್ದ. ಕೆಲಸ ಕಾಯಂ ಆದರೆ ತಾನೇ ಸ್ವೀಟು ತರುತ್ತೇನೆ ಎಂದು ಶೀನಪ್ಪ ಗೋಡೆಗೆ ಹೇಳಿದ. ಗುಣವತಿಗೆ ಅಷ್ಟು ಸಾಕಿತ್ತು. ಕೆಲಸ ಆಯಿತೆಂದರೆ ಮನೆಯಲ್ಲಿ ಮಾತು ಶುರುವಾಗುತ್ತದೆ.

ಆ ಹೋಟೆಲ್ಲಿನದು ಒಂದು ವಿಚಿತ್ರ ಪದ್ಧತಿ. ಪರೀಕ್ಷೆಯ ಕೊನೆಯ ದಿನ ಹುಡುಗ ತನ್ನ ಮನೆಯ ಇಬ್ಬರನ್ನು ಊಟಕ್ಕೆ ಕರೆಯಬೇಕು. ಊಟ ಹೋಟೆಲ್ಲಿನ ಲೆಕ್ಕಕ್ಕೆ. ಹೆತ್ತ ತಾಯಿಗೂ ಪರಕೀಯರಿಗೆ ಬಡಿಸಿದಂತೆ ಬಡಿಸಬೇಕು, 'ಮೇಡಂ' ಎನ್ನಬೇಕು, ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಬಾರದು. ಯಜಮಾನ ಪುಸ್ತಕ ಹಿಡಿದು ಹಿಂದೆ ನಿಂತು ಅಂಕ ಹಾಕುತ್ತಾನೆ. ಶೀನಪ್ಪನಿಗೆ ಭಾನುವಾರ ರಜೆಯಿಲ್ಲ. ಹಾಗಾಗಿ ಶನಿ ನನ್ನ ಹೆಗಲೇರಿತು.

"ಯವ್ವಾ, ನಾ ಅಲ್ಲಿ ಬಂದು ಏನ್ ಮಾಡ್ಲಿ? ಆ ವಾಸನಿಗೆ ನನಗ ವಾಂತಿ ಬರ್ತದ," ಎಂದೆ.

"ನೀವ್ ತಿಂಬ್ದ್ ಬ್ಯಾಡ, ಕೂತ್ಕಂಡ್ರೆ ಸಾಕ್. ನಂಗ್ ಒಬ್ಳಿಗೇ ಹೆದ್ರಿಕೆ ಆತ್ತ್," ಎಂದಳು.

ಹಿಂದಿನ ದಿನ ನನ್ನ ಮನೆಯಲ್ಲೇ ತಾಲೀಮು. ತಟ್ಟೆಯಲ್ಲಿ ನನ್ನದೇ ಸೋರೆಕಾಯಿ ಇಟ್ಟು ರೋಷನ್ ಮೀನು ತೋರಿಸುವುದನ್ನು ಅಭ್ಯಾಸ ಮಾಡಿದ. ಹಸಿ ಮೀನನ್ನು ಮೊದಲು ಮೇಜಿಗೆ ತಂದು ಗಿರಾಕಿಗೆ ತೋರಿಸುವುದು ಅಲ್ಲಿನ ಕ್ರಮ. ತಲೆ ಯಾವಾಗಲೂ ಗಿರಾಕಿಯ ಕಡೆಗೇ ಇರಬೇಕು, ತಿರುಗಿದರೆ ಅಂಕ ಹೋಯಿತು ಎಂದ. ಸೋರೆಕಾಯಿಯ ತೊಟ್ಟಿನ ಭಾಗ ತಲೆ ಎಂದು ನಾವು ಒಪ್ಪಿಕೊಂಡೆವು. ಗುಣವತಿ ಕೈ ಚಾಚಿದ್ದೇ ತಡ, ಮೀನು ಮುಟ್ಟಬೇಡ, ಪ್ಲೀಸ್ ಅಮ್ಮ, ಅಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಗೋಗರೆದ. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಭಾನುವಾರ ಅವಳು ಮದುವೆಯ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದಳು, ಕೈಗೆ ಎರಡೆರಡು ಸಲ ಲಿಂಬೆ. ಟ್ಯೂಬ್ ರೈಲಿನಲ್ಲಿ ಮೂರು ಸಲ ಬೆರಳು ಮೂಸಿ ನೋಡಿಕೊಂಡಳು. ಹೋಟೆಲ್ಲಿನ ಗೋಡೆಗೆಲ್ಲ ನೀಲಿ ಬಿಳಿ ಹೆಂಚು, ಮೇಜಿಗೆ ಇಸ್ತ್ರಿ ಮುರಿಯದ ಬಿಳಿ ಬಟ್ಟೆ, ಒಬ್ಬೊಬ್ಬರ ಮುಂದೆ ಮೂರು ಮೂರು ಗ್ಲಾಸು. ನನಗೆ ಬ್ರೆಡ್ಡು ಮತ್ತು ಆಲಿವ್ ಬಂತು. ಉಪ್ಪಿನಕಾಯಿಗೆ ಖಾರ ಹಾಕಲು ಮರೆತಂತಿತ್ತು. ಪಕ್ಕದ ಒಂಬತ್ತನೆಯ ಮೇಜಿನಲ್ಲಿ ಒಬ್ಬ ಮುದುಕ, ಅವನ ಮಗಳು, ಹುಟ್ಟುಹಬ್ಬದ ಕಾಗದದ ಕಿರೀಟ ಇಟ್ಟುಕೊಂಡ ಏಳೆಂಟು ವರ್ಷದ ಹುಡುಗಿ. ಮುದುಕನ ಕೈ ನಡುಗುತ್ತಿತ್ತು, ಹುಡುಗಿಯೇ ಅವನ ಗ್ಲಾಸು ಹಿಡಿದುಕೊಳ್ಳುತ್ತಿದ್ದಳು.

ರೋಷನ್ ಕಪ್ಪು ಏಪ್ರನ್ನಿನಲ್ಲಿ ಬಂದು, "ಗುಡ್ ಆಫ್ಟರ್‌ನೂನ್, ಮೇಡಂ," ಎಂದ. ಗುಣವತಿ "ಥ್ಯಾಂಕ್ಯೂ ಸರ್" ಎಂದು ಎದ್ದೇ ನಿಂತಳು. ನಾನು ಸೆರಗು ಹಿಡಿದು ಕೂರಿಸಿದೆ. ಮೂರು ಹೆಜ್ಜೆ ಹಿಂದೆ ಯಜಮಾನ ನಿಂತಿದ್ದ. ಯಾವ ಊರಿನವನೋ, ಟೈ ಮಾತ್ರ ಚೆನ್ನಾಗಿತ್ತು. ಅವನ ಪೆನ್ನು ಆಡಿದಾಗಲೆಲ್ಲ ಗುಣವತಿ ನನ್ನ ಮೊಣಕೈ ಹಿಂಡುತ್ತಿದ್ದಳು.

ಮೊದಲರ್ಧ ಗಂಟೆ ಹುಡುಗ ಒಂದೂ ತಪ್ಪು ಮಾಡಲಿಲ್ಲ. ನೀರು ಸುರಿದ ರೀತಿಗೆ, ನ್ಯಾಪ್ಕಿನ್ ಬಿಡಿಸಿದ ರೀತಿಗೆ ನನಗೇ ಹೆಮ್ಮೆ ಅನ್ನಿಸಿತು. ಆಮೇಲೆ ಅಡುಗೆಮನೆಯೊಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನ ಮುಖ ಬೇರೆಯಾಗಿತ್ತು. ಕೈಯಲ್ಲಿ ದೊಡ್ಡ ತಟ್ಟೆ, ಐಸಿನ ಮೇಲೆ ಒಂದು ಮೊಳದ ಸೀ ಬಾಸ್ ಮೀನು, ಸುತ್ತ ಲಿಂಬೆ ಹೋಳು. ಯಜಮಾನ ಈ ಸಲ ಅವನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಬಂದ. ಇದು ನಿಮಗಾಗಿಯೇ ತೆಗೆದಿರಿಸಿದ್ದು, ನಮ್ಮ ಕಡೆಯಿಂದ ಉಡುಗೊರೆ ಎಂದ.

ಮೀನಿನ ತಲೆ ರೋಷನ್ನನ ಕಡೆಗಿತ್ತು.

ಗುಣವತಿಯ ಕಣ್ಣಿಗೆ ಅದು ತಕ್ಷಣ ಬಿತ್ತು. ಹುಡುಗ ಗಾಬರಿಯಲ್ಲಿ ತಿರುಗಿಸಿ ಇಟ್ಟಿದ್ದಾನೆ, ಅಂಕ ಹೋಗುತ್ತದೆ, ಕೆಲಸ ಹೋಗುತ್ತದೆ. ಅವಳ ತಲೆಯಲ್ಲಿ ಓಡಿದ್ದು ನಿನ್ನೆಯ ಸೋರೆಕಾಯಿ. "ವೆರಿ ನೈಸ್ ಫಿಶ್!" ಎಂದು ಗಟ್ಟಿಯಾಗಿ ಹೇಳಿ, ಯಜಮಾನನ ಕಣ್ಣು ಆ ಕಡೆ ಹೋಗುವ ಮೊದಲೇ ಎಂಬಂತೆ ಎರಡೂ ಕೈ ಹಾಕಿ ಮೀನನ್ನು ಗರ್ರನೆ ತಿರುಗಿಸಿ ತಲೆಯನ್ನು ತನ್ನ ಕಡೆಗೆ ಮಾಡಿಬಿಟ್ಟಳು. ಐಸು ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ರೋಷನ್ ಕಣ್ಣು ಮುಚ್ಚಿಕೊಂಡ.

ನಲವತ್ತು ವರ್ಷದ ಅಭ್ಯಾಸ ನೋಡಿ, ತಿರುಗಿಸುವಾಗ ಅವಳ ಹೆಬ್ಬೆರಳು ತಾನಾಗಿ ಮೀನಿನ ಕಿವಿರಿನೊಳಗೆ ಹೋಗಿ ಅದನ್ನು ಎತ್ತಿತ್ತು. ತಾಜಾ ಮೀನಿಗಿರುವ ಕೆಂಪು ಒಳಗಿರಲಿಲ್ಲ. ಕಾಫಿ ಗಸಿಯ ಬಣ್ಣ, ಅಂಟಂಟು. ಆಗ ಅವಳ ಕೈ ನಿಂತಿತು. ಅವಳು ಮೀನನ್ನು ನೋಡಿದಳು, ಮಗನನ್ನು ನೋಡಿದಳು, ಮತ್ತೆ ಮೀನನ್ನು ನೋಡಿದಳು. ಹುಡುಗ ತಪ್ಪಿ ಇಟ್ಟದ್ದಲ್ಲ. ಯಜಮಾನ ಹೆಗಲಿಗೆ ಅಂಟಿ ನಿಂತಿರುವಾಗ, ಬಾಯಿ ಬಿಡಲಾಗದ ಹುಡುಗ ಅಜ್ಜಿಯ ಸಾಲಿನ ಕಟ್ಟಳೆಯಲ್ಲಿ ಅವಳಿಗೆ ಹೇಳಿದ್ದ, ಇದು ಬೇಡ ಅಂತ. ಜಗತ್ತಿನಲ್ಲಿ ಅದು ತಿಳಿಯುತ್ತಿದ್ದ ಒಬ್ಬಳೇ ಒಬ್ಬ ಗಿರಾಕಿ ಅದನ್ನು ತಪ್ಪೆಂದು ತಿದ್ದಿದ್ದಳು.

ಯಜಮಾನ ನಕ್ಕು, ಮೇಡಂಗೆ ಮೀನಿನ ಪರಿಚಯ ಇದ್ದಂತಿದೆ, ಕೆಂಡದ ಮೇಲೆ ಸುಡಿಸಲೇ ಎಂದು ಕೇಳಿದ.

ಹಾಳಾಗಿದೆ ಎಂದರೆ ಮಗನ ಕೆಲಸ ಹೋಯಿತು, ಹೂಂ ಎಂದರೆ ತಿನ್ನಬೇಕು. ಮರೆತೇಬಿಟ್ಟಿದ್ದೆ, ಇವತ್ತು ನನಗೆ ವ್ರತ, ಮೀನು ಮುಟ್ಟುವುದಿಲ್ಲ ಎಂದು ಗುಣವತಿ ಮುರುಕು ಇಂಗ್ಲಿಷಿನಲ್ಲಿ ಸುಳ್ಳು ಹೇಳಿದಳು. ಎರಡು ಕ್ಷಣದ ಹಿಂದೆ ಎರಡೂ ಕೈಯಲ್ಲಿ ಮೀನು ಹಿಡಿದವಳು! ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಯಜಮಾನ ಪುಸ್ತಕದಲ್ಲಿ ಏನೋ ಬರೆದುಕೊಂಡು, ಚಿಂತೆಯಿಲ್ಲ, ಒಂಬತ್ತನೆಯ ಮೇಜಿನವರು ಸೀ ಬಾಸ್ ಕೇಳಿದ್ದಾರೆ, ಅವರಿಗೆ ತೋರಿಸು ಎಂದು ರೋಷನ್ನನಿಗೆ ಹೇಳಿದ.

ರೋಷನ್ ತಟ್ಟೆಗೆ ಕೈ ಹಾಕಿದ. ಅದನ್ನು ಎತ್ತುವ ಮೊದಲು ಗುಣವತಿ ಒಂದು ಬೆರಳಿನಿಂದ, ಮೆಲ್ಲಗೆ, ಮೀನಿನ ತಲೆಯನ್ನು ಅವನ ಕಡೆಗೆ ತಿರುಗಿಸಿದಳು. ಈಗ ಮಾರುವವನು ಅವಳ ಮಗನೇ. ಅಷ್ಟೇ, ಕಟ್ಟಳೆಯಲ್ಲಿ ಅದಕ್ಕಿಂತ ಹೆಚ್ಚು ಇಲ್ಲ. ರೋಷನ್ ಅದನ್ನು ನೋಡಿದ. ತಟ್ಟೆ ಎತ್ತಿಕೊಂಡು ಒಂಬತ್ತನೆಯ ಮೇಜಿನ ಕಡೆಗೆ ನಡೆದ.

ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಕೊಟ್ಟುಬಿಡಲಿ ಅನ್ನಿಸಿತು. ಯಾರೋ ಗೊತ್ತಿಲ್ಲದವರು, ಸುಟ್ಟ ಮೇಲೆ ಏನಾಗುತ್ತದೆ, ಆದರೆ ಒಂದು ಹೊಟ್ಟೆನೋವು, ಹುಡುಗನ ಕೆಲಸ ಉಳಿಯಲಿ, ಮನೆಯಲ್ಲಿ ಶೀನಪ್ಪ ಮಾತಾಡಲಿ. ಸರ್ಜರಿಯಲ್ಲಿ ಕೂತು ಹೊಟ್ಟೆನೋವಿನ ಮುದುಕರನ್ನು ದಿನಾ ನೋಡುವ ನನಗೇ ಹಾಗನ್ನಿಸಿತು. ಪಕ್ಕದಲ್ಲಿ ಗುಣವತಿ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು ಕೂತಿದ್ದಳು. ಅವಳ ಬಳೆಗಳು ಗ್ಲಾಸಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ರೋಷನ್ ತಟ್ಟೆಯನ್ನು ಒಂಬತ್ತನೆಯ ಮೇಜಿನ ಮೇಲೆ ಇಟ್ಟ. ತಲೆ ಅವನ ಕಡೆಗೇ ಇತ್ತು. ಕಿರೀಟದ ಹುಡುಗಿ ಅಬ್ಬಾ ಎಷ್ಟು ದೊಡ್ಡದು ಎಂದಳು. ಮುದುಕ ಖುಷಿಯಿಂದ ತಲೆಯಾಡಿಸಿದ. ತಲೆ ಎತ್ತ ಇದ್ದರೇನು, ಆ ಮೇಜಿನಲ್ಲಿ ಅದನ್ನು ಓದುವವರು ಯಾರಿದ್ದಾರೆ? ರೋಷನ್ ನಮ್ಮ ಕಡೆ ತಿರುಗಿ ನೋಡಿದ. ಗುಣವತಿ ಕಣ್ಣು ತಪ್ಪಿಸಲಿಲ್ಲ, ಮಿಟುಕಿಸಲೂ ಇಲ್ಲ. ಯಜಮಾನ ಮುಗುಳ್ನಗುತ್ತ ಹತ್ತಿರ ಬರುತ್ತಿದ್ದ.

ಆಗ ಹುಡುಗ ಗಿರಾಕಿಯ ಎದುರಿಗೇ ಬಾಯಿ ಬಿಟ್ಟ.

"ಇದನ್ನು ನಾನು ನನ್ನ ತಾಯಿಗೆ ಕೊಡಲಿಲ್ಲ," ಎಂದ ಇಂಗ್ಲಿಷಿನಲ್ಲಿ. ದನಿ ನಮ್ಮ ಮೇಜಿನ ತನಕ ಕೇಳಿಸಿತು. "ನಿಮಗೂ ಕೊಡುವುದಿಲ್ಲ."

ಮುದುಕನ ಮಗಳು ರೋಷನ್ನನನ್ನು ನೋಡಿದಳು, ಮೀನನ್ನು ನೋಡಿದಳು, ಹುಡುಗಿಯ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಯಜಮಾನ ನಗುನಗುತ್ತಲೇ ತಟ್ಟೆ ಎತ್ತಿಕೊಂಡ, ನಗುನಗುತ್ತಲೇ ರೋಷನ್ನನ ಕಿವಿಯ ಹತ್ತಿರ ಬಾಗಿ ಎರಡು ಮಾತು ಹೇಳಿದ. ರೋಷನ್ ಬೆನ್ನಿಗೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚಿ, ಮಡಚಿ, ಖಾಲಿ ಕುರ್ಚಿಯೊಂದರ ಮೇಲೆ ಇಟ್ಟ. ನಾವೂ ಎದ್ದೆವು. ಗುಣವತಿಯ ರೇಷ್ಮೆ ಸೀರೆಯ ಸೆರಗು ಐಸಿನ ನೀರಿನಲ್ಲಿ ನೆನೆದಿತ್ತು.

ಸ್ಟೇಷನ್ನಿನ ಬೆಂಚಿನಲ್ಲಿ ಹುಡುಗ ಎಲ್ಲ ಹೇಳಿದ. ಮೀನು ಬುಧವಾರದ್ದು. ಅಡುಗೆಮನೆಯ ಹಿರಿಯ, ಪೋರ್ಚುಗಲ್ಲಿನ ಮುದುಕ, ಎಸೆಯಿರಿ ಎಂದಿದ್ದ. ಇವತ್ತು ಪರೀಕ್ಷೆಯ ಮನೆಯವರು ಬಂದಿದ್ದಾರಲ್ಲ, ಬಿಟ್ಟಿ ಊಟದವರು ದೂರು ಹೇಳುವುದಿಲ್ಲ, ಅವರಿಗೆ ಹೋಗಲಿ ಎಂದಿದ್ದ ಯಜಮಾನ. ಕನ್ನಡದಲ್ಲಿ ಒಂದು ಮಾತು ಪಿಸುಗುಟ್ಟಬಾರದಿತ್ತೇನೋ ಎಂದು ನಾನು ಗದರಿದೆ. ಯಜಮಾನ ಹೆಗಲಲ್ಲೇ ನಿಂತಿದ್ದ ಆಂಟಿ, ಬಾಯಿ ತೆರೆಯದೆ ಹೇಳಲು ನನಗೆ ಗೊತ್ತಿದ್ದದ್ದು ಅದೊಂದೇ ಎಂದ.

ಗುಣವತಿ ಮಗನ ಕಡೆಗೆ ತಿರುಗಿ ಕೂತಳು. ಆಮೇಲೆ, "ಅಜ್ಜಿ ಹೇಳಿದ್ದ್ ನಿಂಗ್ ನೆನ್ಪಿತ್ತಾ ಮಗಾ?" ಎಂದಳು.

"ನೆನ್ಪಿತ್ತ್ ಅಮ್ಮ," ಎಂದ ರೋಷನ್. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಕುಂದಾಪುರದ ಕನ್ನಡ ನಾನು ಕೇಳಿದ್ದು ಅದೇ ಮೊದಲು.

"ನೀ ಸರಿಯಾಯೇ ಹೇಳಿದ್ದೆ. ನಾನ್ ತಿದ್ದುಕ್ ಹೋದೆ ಕಾಣ್," ಎಂದು ಅವಳು ಅತ್ತಳು. ಶಾಲೆಯ ಗೇಟಿನಲ್ಲಿ ಅಳದವಳು ಆ ಪ್ಲಾಟ್‌ಫಾರ್ಮಿನಲ್ಲಿ, ಭಾನುವಾರದ ಜನರೆಲ್ಲ ನೋಡುತ್ತಿರುವಾಗ, ಬಾಯಿ ಬಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ.

ಕ್ರೋಯ್ಡನ್ ತಲುಪಿದಾಗ ಮೂವರ ಹೊಟ್ಟೆಯೂ ತಾಳ ಹಾಕುತ್ತಿತ್ತು. ರೊಟ್ಟಿ ಬಡಿಯುತ್ತೇನೆ ಬರ್ರಿ ಎಂದೆ. ಗುಣವತಿ ನನ್ನ ಹೊಸಿಲಿನ ಹೊರಗೇ ನಿಂತಳು.

"ಕೈಯೆಲ್ಲ ಮೀನ್ ವಿಶಾಲಕ್ಕ. ಮಿಂದ್ಕಂಡ್ ಬತ್ತೆ."

"ಸುಮ್ಮನ ಒಳಗ ಬಾ," ಎಂದೆ. "ಇನ್ನ ಮ್ಯಾಲೆ ಆ ಸ್ನಾನದ ಮಾತು ತಗೀಬ್ಯಾಡ."

ಅವಳು ಬಂದಳು. ಸೋರೆಕಾಯಿ ಇನ್ನೂ ಕಟ್ಟೆಯ ಮೇಲೆಯೇ ಇತ್ತು. ನಾನು ಅದನ್ನು ಹೆಚ್ಚತೊಡಗಿದೆ. ಅಷ್ಟರಲ್ಲಿ ಅವಳ ಫೋನು ಬಡಿಯಿತು, ಶೀನಪ್ಪ. ಸ್ಪೀಕರಿಗೆ ಹಾಕಿ ಎಂದು ನನಗೆ ಸನ್ನೆ ಮಾಡಿದಳು. ಅವನು ಎಂತಾಯ್ತ್ ಎಂದು ಕೇಳಿದ, ಹಿಂದೆ ದೋಸೆ ಹಂಚಿನ ಸದ್ದು.

"ಕೆಲ್ಸ ಹೋಯ್ತ್," ಎಂದಳು. "ಸ್ವೀಟ್ ತಕಂಡೇ ಬನ್ನಿ. ಮಗನ್ ಹತ್ರ ನೀವ್ ಮಾತಾಡುಕಿತ್ತ್."

ಆ ಕಡೆ ದೋಸೆ ಮಗುಚಿದ ಸದ್ದು ಬಂತು. ಆಮೇಲೆ, "ಬತ್ತೆ," ಎಂದ ಶೀನಪ್ಪ.

ರೋಷನ್ ನನ್ನ ಸಿಂಕಿನಲ್ಲಿ ಸೋಪು ಹಚ್ಚಿ ಕೈ ತೊಳೆದು, ಮೂಸಿ, ಮತ್ತೆ ತೊಳೆದ. ಗುಣವತಿ ನನ್ನ ಬುಟ್ಟಿಯಿಂದ ಒಂದು ಲಿಂಬೆಹಣ್ಣು ತೆಗೆದು ಕೊಯ್ದಳು. ಮಗನ ಕೈ ಹಿಡಿದುಕೊಂಡು ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು, ಉಗುರಿನ ಸಂದಿಯನ್ನೂ ಬಿಡದೆ, ಉಜ್ಜಿದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಹೀಂಗೇ ತಿಕ್ಕಕ್," ಎಂದಳು.

ಅವನು ಬೆರಳನ್ನು ಮೂಗಿನ ಹತ್ತಿರ ಹಿಡಿದು, ಇನ್ನೂ ಇದೆಯಲ್ಲ ಅಮ್ಮ ಎಂದ.

"ಇರ್‍ಲಿ," ಎಂದಳು ಗುಣವತಿ, ಮತ್ತೊಂದು ಕೈ ಹಿಡಿದುಕೊಳ್ಳುತ್ತ.